ಬಸ್ ಓಡಿಸೋದು ಇರಲಿ, ಮೊದಲು ನಿಲ್ಲಿಸೋದು ಕೊಡಿ

ಬಸ್ ಗೇಮ್ ಮಾಡಿದ ಗೆಳೆಯರೇ, ಕಲಬುರಗಿಯಿಂದ ಬೀದರ್‌ವರೆಗೆ ನಿಮ್ಮ ಮೊಬೈಲ್ ಆಟದ ಎರಡನೇ ಭಾಗದಲ್ಲಿ ಇರುವುದು ಒಂದೇ ಒಂದು ಸ್ಟಾಪ್. ಹುಮನಾಬಾದ್. ಅದೂ ಊರೊಳಗಿನ ಬಸ್ ಸ್ಟ್ಯಾಂಡ್ ಅಲ್ಲ, ಹೈವೇ ಪಕ್ಕದಲ್ಲಿ ಒಂದು ಗಾಜಿನ ಶೆಲ್ಟರ್. ಅದರ ಕೆಳಗೆ ಆರು ಜನ ಸಾಲಾಗಿ ನಿಂತಿರುತ್ತಾರೆ. ಬಾಗಿಲು ತೆರೆದರೆ ಆರೂ ಜನ ಮಾಯ. ಮೇಲೆ ಹಸಿರು ಬಣ್ಣದಲ್ಲಿ 6 ಅಂತ ಬರುತ್ತದೆ, ನಾಣ್ಯ ಬಿದ್ದ ಸದ್ದು ಕೇಳುತ್ತದೆ. ಆಮೇಲೆ ಬೀದರ್ ಬರುವ ತನಕ ಸುಮ್ನೆ ಸ್ಟೇರಿಂಗ್ ಹಿಡಿದು ಕೂತಿರಬೇಕು.

ನಿಮ್ಮ ಆಟದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಡಿದವರಿಗೆ ಆ ಗಾಜಿನ ಶೆಲ್ಟರ್ ಅಂದ ಕೂಡಲೇ ಗೊತ್ತಾಗಿರುತ್ತದೆ. ಆಡದವರಿಗೆ ಹೆಸರು ತೆಗೆದುಕೊಂಡು ಆಗಬೇಕಾದ್ದು ಏನೂ ಇಲ್ಲ. ನೀವು ದೊಡ್ಡ ಕಂಪನಿಯವರೂ ಅಲ್ಲ. ಆಟ ಮಾಡಿದವರ ಹೆಸರುಗಳ ಪಟ್ಟಿ ಒಂದೇ ಸ್ಕ್ರೀನಿನಲ್ಲಿ ಮುಗಿದುಹೋಗುತ್ತದೆ. ನಿಮಗೆ ಒಂದು ಸ್ಟಾರ್ ಕೊಟ್ಟು ಬೈದು ಹೋಗುವ ಮನಸ್ಸು ನನಗಿಲ್ಲ. ಅಂಥ ರಿವ್ಯೂ ಈಗಾಗಲೇ ಬೇಕಾದಷ್ಟು ಬಿದ್ದಿವೆ. 'ವೇಸ್ಟ್ ಗೇಮ್, ಯಾರೂ ಇಳಿಸ್ಕೋಬೇಡಿ' ಅಂತ ಬರೆದಿದ್ದನ್ನು ಓದಿದವರು ಮಾರನೇ ದಿನ ಕಂಪ್ಯೂಟರ್ ಮುಂದೆ ಕೂತು ಏನು ತಿದ್ದಬೇಕು ಹೇಳಿ. ನಿಮಗೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಒಂದು ಮೇಲ್ ಕಳಿಸಿದ್ದೇನೆ. ಇಲ್ಲಿ ಸ್ವಲ್ಪ ಆರಾಮಾಗಿ ಬರೆಯುತ್ತೇನೆ, ನಮ್ಮ ಕಡೆಯ ಬಸ್ ಹುಚ್ಚಿನ ಹುಡುಗರೂ ಓದಲಿ ಅಂತ.

ನನ್ನ ಬಗ್ಗೆ ಎರಡು ಮಾತು. ಕಲಬುರಗಿಯಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರ ಒಂದು ಆನ್‌ಲೈನ್ ಸೆಂಟರ್ ಇಟ್ಟಿದ್ದೇನೆ. ಹಗಲೆಲ್ಲ ಝೆರಾಕ್ಸ್, ಪಹಣಿ, ಸ್ಕಾಲರ್‌ಶಿಪ್ ಅರ್ಜಿ. ಶಟರ್ ಎಳೆದ ಮೇಲೆ ಬಸ್ ಗೇಮ್. ಇಂಡೋನೇಷ್ಯಾದ ಬಸ್ ಸಿಮ್ಯುಲೇಟರಿಗೆ ಕರ್ನಾಟಕದ ಬಸ್ಸುಗಳ ಸ್ಕಿನ್, ಅಂದರೆ ಆಟದ ಬಸ್ಸಿನ ಮೈಮೇಲೆ ಹಾಕುವ ಬಣ್ಣ, ಮಾಡುವ ಹುಡುಗರಲ್ಲಿ ನಾನೂ ಒಬ್ಬ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವುದೇ ನಮ್ಮೂರಿನಲ್ಲಿ. 2000ದಲ್ಲಿ ಶುರುವಾದಾಗ ಅದಕ್ಕೆ ಈಶಾನ್ಯ ಸಾರಿಗೆ ಅನ್ನುತ್ತಿದ್ದರು. ನನ್ನ ಕಾಕಾ ಅದರಲ್ಲೇ ಡ್ರೈವರ್ ಆಗಿದ್ದು ರಿಟೈರ್ ಆದವರು. ಮುಂದೆ ಅವರ ಮಾತು ಆಗಾಗ ಬರುತ್ತದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಿಜ. ಬಸ್ಸಿನ ಮಾಡೆಲ್ ತುಂಬಾ ಚೆನ್ನಾಗಿದೆ. ಡ್ರೈವರ್ ಸೀಟಿನ ಹಿಂದಿನ ಕಂಬಿ, ಎಂಜಿನ್ ಬಾನೆಟ್ ಮೇಲೆ ಹಾಸಿದ ಸವೆದ ರೆಕ್ಸಿನ್, ಮುಂದಿನ ಗಾಜಿನ ಮೇಲೆ ದೇವರ ಫೋಟೋ, ಅದಕ್ಕೆ ಬಾಡಿದ ಹೂವಿನ ಹಾರ. ನಂಬರ್ ಪ್ಲೇಟ್ ನೋಡಿದಾಗಲಂತೂ ನಾನು ಫೋನನ್ನು ಪಕ್ಕದಲ್ಲಿದ್ದವನ ಮುಖಕ್ಕೆ ಹಿಡಿದಿದ್ದೆ. ಕೆಎ 32 ಎಫ್! ಕೆಎ 32 ಕಲಬುರಗಿ, ಎಫ್ ಸರ್ಕಾರಿ ಬಸ್ಸಿನ ಸರಣಿ. ಬೀದರ್ ಡಿಪೋದ ಬಸ್ಸಿಗೆ ಕೆಎ 38, ಯಾದಗಿರಿಯದ್ದಕ್ಕೆ ಕೆಎ 33. ಯಾವುದೂ ತಪ್ಪಿಲ್ಲ. ನಿಮ್ಮಲ್ಲಿ ಒಬ್ಬರಿಗಾದರೂ ಈ ಬಸ್ಸುಗಳು ಗೊತ್ತು, ಇಷ್ಟ ಕೂಡ. ಮೊದಲನೇ ಭಾಗವನ್ನು ನಾನು ಅಷ್ಟು ಆಡಿದ್ದು ಅದಕ್ಕೇ. ಎರಡನೇ ಭಾಗ ಬರುತ್ತದೆ, ಅದರಲ್ಲಿ ನಮ್ಮ ಭಾಗದ ಮ್ಯಾಪ್ ಇದೆ ಅಂದಾಗ ಬಂದ ದಿನವೇ ದುಡ್ಡು ಕೊಟ್ಟು ತೆಗೆದುಕೊಂಡೆ.

ಮ್ಯಾಪ್ ಇದೆ, ಹೌದು. ಮೊದಲಿನದಕ್ಕಿಂತ ನಾಲ್ಕು ಪಟ್ಟು ದೊಡ್ಡದು ಅಂತ ಜಾಹೀರಾತಿನಲ್ಲೇ ಹಾಕಿದ್ದೀರಿ. ಆದರೆ ದೊಡ್ಡದಾಗಿರುವುದು ರಸ್ತೆ ಮಾತ್ರ. ಊರುಗಳ ನಡುವೆ ಏನೂ ಇಲ್ಲ.

ಕಲಬುರಗಿಯಿಂದ ಬೀದರ್ ಸುಮಾರು 110 ಕಿಲೋಮೀಟರ್. ಸಾದಾ ಬಸ್ಸಿನಲ್ಲಿ ಎರಡೂವರೆ ಗಂಟೆಯ ಮೇಲೇ ಹಿಡಿಯುತ್ತದೆ. ಬಸ್ ಸ್ಟ್ಯಾಂಡ್ ಬಿಟ್ಟು ಹುಮನಾಬಾದ್ ರಿಂಗ್ ರೋಡ್ ದಾಟುವಷ್ಟರಲ್ಲೇ ಒಂದಿಷ್ಟು ಜನ ಕೈ ಮಾಡಿ ಹತ್ತಿಕೊಂಡಿರುತ್ತಾರೆ. ಆಮೇಲೆ ಮಹಾಗಾಂವ ಕ್ರಾಸ್, ಕಮಲಾಪುರ, ಕಿಣ್ಣಿ ಸಡಕ್. ಹುಮನಾಬಾದ್‌ನಲ್ಲಿ ಅರ್ಧ ಬಸ್ ಖಾಲಿಯಾಗಿ ಮತ್ತೆ ತುಂಬುತ್ತದೆ, ಯಾಕೆಂದರೆ ಸೋಲಾಪುರ–ಹೈದರಾಬಾದ್ ಹೆದ್ದಾರಿ ನಮ್ಮ ರಸ್ತೆಗೆ ಅಲ್ಲೇ ಅಡ್ಡ ಬರುವುದು. ಮುಂದೆ ಹಳ್ಳಿಖೇಡ. ನಡುವೆ ಹೆಸರಿಲ್ಲದ ನಿಲುಗಡೆಗಳು ಎಷ್ಟೋ. ಒಂದು ಬೇವಿನ ಮರ, ಒಂದು ಚಹಾದ ಅಂಗಡಿ, ಹೊಲಕ್ಕೆ ಹೋಗುವ ಕಚ್ಚಾ ದಾರಿ. ಅಲ್ಲಿ ಶೆಲ್ಟರೂ ಇಲ್ಲ, ಬೋರ್ಡೂ ಇಲ್ಲ. ಜನ ನಿಂತರೆ ಅದೇ ಸ್ಟಾಪ್.

ಬಸ್ ಡ್ರೈವರ್ ಕೆಲಸದ ಕಷ್ಟ, ಮಜಾ ಎರಡೂ ಇರುವುದು ಅಲ್ಲೇ. ದೂರದಲ್ಲಿ ಒಬ್ಬರು ಕೈ ಎತ್ತುತ್ತಾರೆ. ಅವರು ಬಸ್ಸಿಗೆ ಕೈ ಮಾಡಿದ್ದೋ, ಆ ಕಡೆ ಹೋಗುವ ಬೈಕಿನವನಿಗೋ? ಹಿಂದೆ ಲಾರಿ ಅಂಟಿಕೊಂಡು ಬರುತ್ತಿದೆ, ಬ್ರೇಕ್ ಒತ್ತಬಹುದೋ ಇಲ್ಲವೋ? ನಿಲ್ಲಿಸಿದರೆ ಬಾಗಿಲು ಅವರ ಮುಂದೆಯೇ ಬರಬೇಕು. ಹತ್ತು ಹೆಜ್ಜೆ ಮುಂದೆ ನಿಲ್ಲಿಸಿದರೆ ಮೂಟೆ ಹೊತ್ತ ಹೆಂಗಸು ಓಡಿ ಬರಬೇಕು, ಹತ್ತಿದ ಮೇಲೆ ಡ್ರೈವರನಿಗೆ ಬೈಗುಳ ಗ್ಯಾರಂಟಿ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಯಾರೋ ಇಳಿಯುತ್ತಿರುತ್ತಾರೆ. ಕಂಡಕ್ಟರ್ ಸೀಟಿ ಹೊಡೆಯುವ ತನಕ ಗಾಡಿ ಎಳೆಯುವಂತಿಲ್ಲ. ಒಂದು ನಿಲುಗಡೆಯಲ್ಲೇ ಇಷ್ಟು ಆಟ ಇದೆ. ನೀವು ಅದನ್ನೆಲ್ಲ ತೆಗೆದು ಒಂದು ಬಟನ್ ಇಟ್ಟಿದ್ದೀರಿ.

ಕಾಕಾನಿಗೆ ಫೋನ್ ಕೊಟ್ಟು ಆಡಿಸಿದೆ. ಚಷ್ಮಾ ಹಾಕಿಕೊಂಡು ಸ್ವಲ್ಪ ಹೊತ್ತು ಓಡಿಸಿದರು. ಸ್ಟೇರಿಂಗ್ ಪರವಾಗಿಲ್ಲ ಅಂದರು. ಕಮಲಾಪುರ ಬಂತೇನೋ ಅಂತ ಎಡಗಡೆ ನೋಡಿದರು. ಬರಲಿಲ್ಲ. ಮತ್ತೆ ನೋಡಿದರು. ಕೊನೆಗೆ ಫೋನ್ ನನ್ನ ಕೈಗೆ ಕೊಟ್ಟು, "ತಮ್ಮಾ, ಇದಕ್ಕ ಯಾಕ ಬಸ್ ಅಂತಾರ? ಒಬ್ಬರಿಗೂ ನಿಂದ್ರಸಂಗಿಲ್ಲಂದ್ರ ಇದು ಲಾರಿನೇ ಆತಲ್ಲ" ಅಂದರು.

ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಸರಿಯಾಗಿ ನಿಮ್ಮ ಆಟದ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಡೆಸರ್ಟ್ ಬಸ್ ಅಂತ ಒಂದು ಹಳೆಯ ಆಟ ಇದೆ, ನಿಮಗೆ ಗೊತ್ತೇ ಇರುತ್ತದೆ. 1995ರ ಸುಮಾರಿಗೆ ತಯಾರಾಗಿ, ಆಗ ಬಿಡುಗಡೆಯಾಗದೇ ಉಳಿದದ್ದು. ಅಮೆರಿಕದ ಟೂಸಾನ್‌ನಿಂದ ಲಾಸ್ ವೇಗಾಸ್‌ವರೆಗೆ ನಿಜವಾದ ಎಂಟು ಗಂಟೆ ಬಸ್ ಓಡಿಸಬೇಕು. ಪ್ಯಾಸೆಂಜರ್ ಇಲ್ಲ, ಟ್ರಾಫಿಕ್ ಇಲ್ಲ, ತಲುಪಿದರೆ ಒಂದು ಪಾಯಿಂಟ್. ಆಡುವವರಿಗೆ ಬೇಜಾರು ಬರಿಸಬೇಕು ಅಂತಲೇ ಇಬ್ಬರು ಜಾದೂಗಾರರು ಮಾಡಿಸಿದ ತಮಾಷೆ ಅದು. ನಿಮ್ಮ ಬೀದರ್ ರೂಟ್ ಆಡುವಾಗ ನನಗೆ ಅದೇ ನೆನಪಾಯಿತು. ವ್ಯತ್ಯಾಸ ಅಂದರೆ ನೀವು ತಮಾಷೆಗೆ ಮಾಡಿಲ್ಲ.

ಇದಕ್ಕೆ ಪೂರಾ ಉಲ್ಟಾ ಇರುವುದು ಓಮ್ಸಿ. 2011ರಲ್ಲಿ ಬಂದ ಜರ್ಮನಿಯ ಆಟ. ಮುಖ್ಯವಾಗಿ ಇಬ್ಬರು ಸೇರಿ ಮಾಡಿದ್ದು. ಅದರಲ್ಲಿ ಇದ್ದದ್ದು ಬರ್ಲಿನ್‌ನ ಸ್ಪಾಂಡೌ ಅನ್ನುವ ಒಂದು ಭಾಗ, ಮುಖ್ಯವಾಗಿ 92ನೇ ನಂಬರಿನ ಒಂದು ಲೈನ್, 1980ರ ದಶಕದ ಡಬಲ್ ಡೆಕ್ಕರ್ ಬಸ್ಸುಗಳು. ಗ್ರಾಫಿಕ್ಸ್ ಆ ಕಾಲಕ್ಕೂ ಅಷ್ಟಕ್ಕಷ್ಟೇ. ಆದರೆ ಪ್ರತಿ ಸ್ಟಾಪಿನಲ್ಲಿ ಜನ ಹತ್ತಿ ಬಂದು ದುಡ್ಡು ಇಡುತ್ತಾರೆ, ನೀವು ಟಿಕೆಟ್ ಕೊಟ್ಟು ಚಿಲ್ಲರೆ ಎಣಿಸಿ ವಾಪಸ್ ಕೊಡಬೇಕು. ಜೋರಾಗಿ ಬ್ರೇಕ್ ಹಾಕಿದರೆ ಗೊಣಗುತ್ತಾರೆ. ಒಂದು ಲೈನ್, ಇಬ್ಬರು ಮನುಷ್ಯರು, ಹದಿಮೂರು ಹದಿನಾಲ್ಕು ವರ್ಷ ಆದ ಮೇಲೂ ಅದರ ಎರಡನೇ ಆವೃತ್ತಿಗೆ ಜನ ಹೊಸ ಊರು, ಹೊಸ ಬಸ್ ಮಾಡಿ ಸೇರಿಸುತ್ತಲೇ ಇದ್ದರು. ಅದಕ್ಕೇ ಹೇಳುತ್ತಿರುವುದು, ನಿಮ್ಮದು ಸಣ್ಣ ತಂಡ ಅನ್ನುವುದು ಇಲ್ಲಿ ತೊಂದರೆಯೇ ಅಲ್ಲ. ಸಣ್ಣ ತಂಡ ದೊಡ್ಡ ಮ್ಯಾಪ್ ಮಾಡಲು ಹೋದದ್ದು ತೊಂದರೆ.

ಆಟದ ರಸ್ತೆ ನಿಜದ್ದಕ್ಕಿಂತ ಚಿಕ್ಕದಾಯಿತು ಅಂತ ನಾನು ದೂರುತ್ತಿಲ್ಲ, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. 110 ಕಿಲೋಮೀಟರನ್ನು ಯಾರೂ ಹಾಗೇ ಹಾಕುವುದಿಲ್ಲ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಊರ ಹೊರಗಿನ ರಸ್ತೆಯ ಅಳತೆ ಹತ್ತೊಂಬತ್ತಕ್ಕೆ ಒಂದು, ಅಂದರೆ ನಿಜದ ಹತ್ತೊಂಬತ್ತು ಕಿಲೋಮೀಟರ್ ಆಟದಲ್ಲಿ ಒಂದೇ. ಆ ಲೆಕ್ಕದಲ್ಲಿ ಬೀದರ್ ಆರು ಕಿಲೋಮೀಟರಿನ ಒಳಗೇ ಬಂದುಬಿಡುತ್ತದೆ. ಬರಲಿ. ಆದರೆ ಆ ಆರು ಕಿಲೋಮೀಟರಿನಲ್ಲಿ ಕಮಲಾಪುರ ಇರಬೇಕು. ಅದೇ ಕಂಪನಿಯ ಅಮೆರಿಕನ್ ಟ್ರಕ್ ಸಿಮ್ಯುಲೇಟರ್ 2016ರ ಆರಂಭದಲ್ಲಿ ಬಂದಾಗ ಅಳತೆ ಮೂವತ್ತೈದಕ್ಕೆ ಒಂದಿತ್ತು. ಊರುಗಳು ಒಂದರ ಮೇಲೊಂದು ಬಿದ್ದ ಹಾಗಿವೆ, ಪ್ರಯಾಣ ಮಾಡಿದ ಹಾಗೇ ಅನಿಸುವುದಿಲ್ಲ ಅಂತ ಆಡುವವರು ಹೇಳಿದರು. ಅವರು ಅದೇ ವರ್ಷದ ಡಿಸೆಂಬರಿನಲ್ಲಿ ಇಡೀ ಮ್ಯಾಪನ್ನು ಇಪ್ಪತ್ತಕ್ಕೆ ಒಂದರ ಅಳತೆಗೆ ಹಿಗ್ಗಿಸಿ ಮತ್ತೆ ಕೊಟ್ಟರು. ಬಿಡುಗಡೆಯಾದ ಆಟವನ್ನು ಹೀಗೂ ತಿದ್ದಬಹುದು. ನಾನು ನಿಮ್ಮಿಂದ ಅಷ್ಟು ಕೂಡ ಕೇಳುತ್ತಿಲ್ಲ. ಈಗಿರುವ ರಸ್ತೆಯ ಮೇಲೆ ನಾಲ್ಕೈದು ಸ್ಟಾಪ್ ಇಡಿ.

ಸ್ಟಾಪ್ ಇಟ್ಟ ಕೂಡಲೇ ಇನ್ನೊಂದು ಸಮಸ್ಯೆ ಎದ್ದು ಕಾಣುತ್ತದೆ. ಅದು ಬಸ್ಸಿನ ತೂಕ.

ನಿಮ್ಮ ಬಸ್ 80ರ ವೇಗದಲ್ಲಿದ್ದರೂ ಬ್ರೇಕ್ ಒತ್ತಿದರೆ ಎರಡು ಬಸ್ಸಿನ ಉದ್ದದಲ್ಲಿ ಗಕ್ಕನೆ ನಿಲ್ಲುತ್ತದೆ. ಖಾಲಿ ಇದ್ದರೂ ಹಾಗೇ, ತುಂಬಿದ್ದರೂ ಹಾಗೇ. ಲೆಕ್ಕ ಹಾಕಿ ನೋಡಿ. ಕೂತವರು ನಿಂತವರು ಸೇರಿ 75 ಜನ, ಒಬ್ಬರಿಗೆ 60 ಕಿಲೋ ಅಂದರೆ 4,500 ಕಿಲೋ. ನಾಲ್ಕೂವರೆ ಟನ್. ಮೇಲೆ ತೊಗರಿ ಚೀಲ, ಹಾಲಿನ ಕ್ಯಾನು ಬೇರೆ. ಅಷ್ಟು ಭಾರ ಏರಿದ ಬಸ್ಸು ಏರಿನಲ್ಲಿ ಮೂರನೇ ಗೇರಿಗೆ ಇಳಿಯಲೇಬೇಕು, ನಿಲ್ಲಲು ಜಾಸ್ತಿ ದೂರ ಬೇಕೇ ಬೇಕು, ತಿರುವಿನಲ್ಲಿ ವಾಲಲೇಬೇಕು. "ಗಾಡಿ ಖಾಲಿ ಅದನೋ ತುಂಬ್ಯಾದನೋ ನೋಡಬೇಕಾಗಿಲ್ಲ, ಕಾಲಿಗೇ ಗೊತ್ತಾಗ್ತದ" ಅನ್ನುತ್ತಾರೆ ಕಾಕಾ. ಫೋನಿನಲ್ಲಿ ಕಾಲಿಗೆ ಕೆಲಸ ಇಲ್ಲ, ಒಪ್ಪಿದೆ. ಆದರೆ ಎಂಜಿನ್ ಸದ್ದು ಇದೆ, ವೈಬ್ರೇಷನ್ ಇದೆ, ನಿಲ್ಲುವ ದೂರ ಇದೆ. ಎಷ್ಟು ಜನ ಹತ್ತಿದ್ದಾರೆ ಅನ್ನುವ ಸಂಖ್ಯೆ ನಿಮ್ಮಲ್ಲಿ ಈಗಾಗಲೇ ಇದೆ, ಹಸಿರು ಬಣ್ಣದಲ್ಲಿ ತೋರಿಸುತ್ತಿದ್ದೀರಿ. ಅದನ್ನು ಬಸ್ಸಿನ ತೂಕಕ್ಕೆ ಕೂಡಿಸಿದರೆ ಆಯಿತು. ಒಂದು ಸಂಜೆಯ ಕೆಲಸ ಅಂತ ನಾನು ಹೇಳುವುದಿಲ್ಲ, ಆಮೇಲೆ ಬ್ರೇಕನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ. ಆದರೆ ಹೊಸ ಬಸ್ ಮಾಡೆಲ್ ಮಾಡುವಷ್ಟು ಕೆಲಸ ಅಲ್ಲ.

ಏರ್ ಬ್ರೇಕಿನದ್ದೂ ಒಂದು ಮಾತು. ಮುಂಜಾನೆ ಗಾಡಿ ಚಾಲೂ ಮಾಡಿದ ಕೂಡಲೇ ಹೊರಡಲು ಆಗುವುದಿಲ್ಲ. ಗಾಳಿ ಏರಬೇಕು. ಮುಳ್ಳು ಮೇಲೆ ಬರುವ ತನಕ ಎಂಜಿನ್ ಓಡುತ್ತಿರುತ್ತದೆ, ಡ್ರೈವರ್ ಗಾಜು ಒರೆಸುತ್ತಾನೆ, ಊದುಬತ್ತಿ ಹಚ್ಚುತ್ತಾನೆ. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಆ ಮುಳ್ಳನ್ನು ಎಷ್ಟು ಚೆನ್ನಾಗಿ ಬಿಡಿಸಿದ್ದೀರಿ! ಆದರೆ ಅದು ಅಲ್ಲಾಡುವುದೇ ಇಲ್ಲ.

ರಸ್ತೆಯ ಎರಡೂ ಕಡೆ ತೆಂಗಿನ ಮರ ಯಾಕೆ ಬಂತು? ಕರಾವಳಿಯ ಮ್ಯಾಪಿಗೆ ಮಾಡಿದ್ದನ್ನೇ ಇಲ್ಲಿಗೂ ಹಾಕಿದ್ದೀರಿ ಅನಿಸುತ್ತದೆ. ನಮ್ಮಲ್ಲಿ ಕಲಬುರಗಿ ಬಿಟ್ಟರೆ ಕರಿ ಮಣ್ಣಿನ ತೊಗರಿ ಹೊಲ, ನಡುವೆ ಜಾಲಿ, ಬೇವು. ಮಳೆಗಾಲದ ಕೊನೆಗೆ ಹಸಿರು, ಡಿಸೆಂಬರಿಗೆ ಕಂದು, ಏಪ್ರಿಲ್‌ಗೆ ಬರೀ ಬಿರುಕು. ಬೀದರ್ ಹತ್ತಿರ ಬಂದ ಹಾಗೆ ನೆಲ ಕೆಂಪಾಗುತ್ತದೆ, ಆ ಊರು ಕೂತಿರುವುದೇ ಕೆಂಪು ಮುರಕಲ್ಲಿನ ಮೇಲೆ. ಆಟದಲ್ಲಿ ಮಂಜು ಇದೆ, ಮಳೆ ಇದೆ, ಬಿಸಿಲು ಮಾತ್ರ ಇಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರಿಗೆ ಮಂಜು ಕೊಟ್ಟಿದ್ದೀರಿ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ದೂರದ ಡಾಂಬರು ನೀರಿನ ಹಾಗೆ ಅಲುಗಾಡುವುದನ್ನು ತೋರಿಸಿ ಸಾಕು. ನಮಗೆ ಅದೇ ಹವಾಮಾನ.

ಬೀದರ್ ಕೋಟೆ ಬೇಕು, ಚೌಬಾರಾ ಬೇಕು, ಮಹಮೂದ್ ಗವಾನ್ ಮದರಸಾ ಬೇಕು ಅಂತ ತುಂಬಾ ಜನ ನಿಮಗೆ ಬರೆದಿದ್ದಾರೆ. ನಾನು ಅವರ ಜೊತೆ ಇಲ್ಲ. ಮದರಸಾ 1472ರಿಂದ ಅಲ್ಲೇ ನಿಂತಿದೆ, ಇನ್ನೂ ಒಂದು ಅಪ್‌ಡೇಟ್ ಕಾಯುತ್ತದೆ. ಅದನ್ನು ಚೆನ್ನಾಗಿ ಬಿಡಿಸಲು ನಿಮಗೆ ತಿಂಗಳುಗಟ್ಟಲೆ ಬೇಕು, ಬಸ್ಸಿನಲ್ಲಿ ಹೋಗುವವನಿಗೆ ಅದು ಕಾಣುವುದು ಒಂದು ಕ್ಷಣ. ಅದೇ ಸಮಯದಲ್ಲಿ ಎರಡು ಟ್ರಾಲಿ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಮಾಡಿ. ಹಿಂದೆ ಲೈಟ್ ಇರಬಾರದು. ಹುಮನಾಬಾದ್ ದಾಟಿದ ಮೇಲೆ ರಾತ್ರಿ ಟ್ರಿಪ್ಪಿನಲ್ಲಿ ಅದನ್ನು ಮುಂದೆ ಬಿಡಿ. ಕೋಟೆ ನೋಡಿ ಹಿಡಿಯದ ಉಸಿರು ಅದನ್ನು ನೋಡಿ ಹಿಡಿಯುತ್ತದೆ.

ಇನ್ನು ಬೋರ್ಡುಗಳು. ಕನ್ನಡದಲ್ಲಿ ಹಾಕಿದ್ದಕ್ಕೆ ನಿಜವಾಗಿ ಥ್ಯಾಂಕ್ಸ್. ಆದರೆ ಒತ್ತಕ್ಷರ ಎಲ್ಲ ಬಿಡಿ ಬಿಡಿಯಾಗಿವೆ. 'ಬಸ್ ನಿಲ್‌ದಾಣ', 'ರಾಷ್‌ಟ್‌ರೀಯ ಹೆದ್‌ದಾರಿ' ಅಂತ ಕಾಣುತ್ತದೆ. ಅಂಗಡಿಯಲ್ಲಿ ನಾನು ದಿನಾ ಇದೇ ಕಾಟ ನೋಡುತ್ತೇನೆ, ಹಳೆಯ ಫಾಂಟಿನ ಪಿಡಿಎಫ್ ಕಾಪಿ ಮಾಡಿದರೆ ಹೀಗೇ ಒಡೆಯುತ್ತದೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುವುದು ಮಾತ್ರ ಗೊತ್ತಿರುವ ಗೇಮ್ ಎಂಜಿನ್ನಿಗೆ ಒತ್ತು ಜೋಡಿಸುವ ಕೆಲಸ ಬೇರೆಯಾಗಿ ಕಲಿಸಬೇಕು. ಹಾರ್ಫ್‌ಬಝ್ ಅನ್ನುವ ಲೈಬ್ರರಿ ಅದಕ್ಕೇ ಇದೆ, ಎಲ್ಲರೂ ಪುಕ್ಕಟೆ ಬಳಸಬಹುದು. ಅದು ಕಷ್ಟವಾದರೆ ಬೋರ್ಡನ್ನು ಅಕ್ಷರವಾಗಿ ಬರೆಯಲೇಬೇಡಿ, ಚಿತ್ರವಾಗಿ ಅಂಟಿಸಿ. ಬೋರ್ಡು ಇರುವುದೇ ಹತ್ತಿಪ್ಪತ್ತು. ನಾನೇ ಮಾಡಿ ಕಳಿಸುತ್ತೇನೆ. ಹಾಗೇ ಮೆನುವಿನಲ್ಲಿ ಇನ್ನೂ ಗುಲ್ಬರ್ಗಾ ಅಂತಿದೆ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ.

ದುಡ್ಡಿನ ವಿಷಯ. ಆಟಕ್ಕೆ ಬೆಲೆ ಇಟ್ಟಿದ್ದೀರಿ, ನಾನು ಕೊಟ್ಟಿದ್ದೇನೆ, ಅದರಲ್ಲಿ ತಕರಾರಿಲ್ಲ. ಅಂಗಡಿ ನಡೆಸುವವನಿಗೆ ಬಾಡಿಗೆ ಅಂದರೆ ಏನು ಅಂತ ಗೊತ್ತು. ಆದರೆ ದುಡ್ಡು ಕೊಟ್ಟ ಮೇಲೂ ಟ್ರಿಪ್ ನಡುವೆ ರಮ್ಮಿ ಆಟದ ಜಾಹೀರಾತು ಬರುವುದು ಸರಿಯಲ್ಲ. ಅದರಲ್ಲೂ ಡೀಸೆಲ್ ತುಂಬಿಸಲು ಜಾಹೀರಾತು ನೋಡಬೇಕು ಅನ್ನುವುದು. ಡೀಸೆಲ್ಲನ್ನು ನೀವು ಗೋಳಾಡಿಸಲು ಬಳಸಿದ್ದೀರಿ. ನಿಜವಾದ ಡಿಪೋದಲ್ಲಿ ಅದೇ ಡೀಸೆಲ್ ಒಂದು ಪೈಪೋಟಿ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿಸಿದ, ಅದನ್ನು ಕೆಎಂಪಿಎಲ್ ಅನ್ನುತ್ತಾರೆ, ಪ್ರತಿ ಡ್ರೈವರನ ಲೆಕ್ಕ ಡಿಪೋದಲ್ಲಿ ಇರುತ್ತದೆ. ಚೆನ್ನಾಗಿ ತಂದವನಿಗೆ ಶಹಬ್ಬಾಸ್, ತರದವನಿಗೆ ಬುಲಾವ್. ಕಾಕಾ ಈಗಲೂ ತಮ್ಮ ಕೆಎಂಪಿಎಲ್ ಬಗ್ಗೆ ಮಾತಾಡುವಾಗ ಎದೆ ಸೆಟೆಸುತ್ತಾರೆ. ಇದನ್ನು ಸ್ಕೋರ್ ಮಾಡಿ. ಸುಮ್ಮಸುಮ್ನೆ ಎಕ್ಸಲೇಟರ್ ಒತ್ತುವವನು ಸೋಲಲಿ, ದೂರದಿಂದಲೇ ಸ್ಟಾಪ್ ನೋಡಿ ಕಾಲು ತೆಗೆದವನು ಗೆಲ್ಲಲಿ.

ಟಿಕೆಟ್ಟಿನ ಲೆಕ್ಕವೂ ಹಾಗೆ. ನಿಮ್ಮ ಆಟದಲ್ಲಿ ಎಲ್ಲರೂ ದುಡ್ಡು ಕೊಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ನಮ್ಮ ಸಾದಾ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟ್. ಆ ಟಿಕೆಟ್ ಕೊಡಲೇಬೇಕು, ಯಾಕೆಂದರೆ ಅದರ ಲೆಕ್ಕದ ಮೇಲೆ ನಿಗಮಕ್ಕೆ ಸರ್ಕಾರದಿಂದ ಹಣ ಬರುವುದು. ಕಂಡಕ್ಟರ್ ಆಗಿ ಆಡುವ ಒಂದು ಮೋಡ್ ಕೊಟ್ಟು ನೋಡಿ. ಮುಂದಿನ ಸ್ಟಾಪ್ ಬರುವುದರೊಳಗೆ ತುಂಬಿದ ಬಸ್ಸಿನಲ್ಲಿ ಎಲ್ಲರಿಗೂ ಟಿಕೆಟ್ ಆಗಬೇಕು. ಆಧಾರ್ ಕಾರ್ಡ್ ನೋಡಬೇಕು, ಪಾಸ್ ಇರುವ ಹುಡುಗರು ಯಾರು ಅಂತ ನೆನಪಿಡಬೇಕು, ಐನೂರರ ನೋಟು ಕೊಟ್ಟವರಿಗೆ ಬಾಕಿ ಎಷ್ಟು ಅಂತ ಟಿಕೆಟ್ ಹಿಂದೆ ಬರೆದುಕೊಡಬೇಕು. ಇಳಿಯುವಾಗ ಅವರು ಚಿಲ್ಲರೆ ಕೇಳುತ್ತಾರೆ, ಕೇಳದೇ ಮರೆತು ಇಳಿದರೆ ಕೂಗಿ ಕರೆದು ಕೊಡುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ನಡುವೆ ಎಲ್ಲೋ ಒಂದು ಕಡೆ ಚೆಕಿಂಗ್‌ನವರು ಹತ್ತುತ್ತಾರೆ. ನಾನಂತೂ ಇದಕ್ಕೆ ಇನ್ನೊಮ್ಮೆ ದುಡ್ಡು ಕೊಡಲು ತಯಾರು.

ನಿಮ್ಮ ಮುಂದಿನ ಅಪ್‌ಡೇಟಿನಲ್ಲಿ ಹನ್ನೆರಡು ಹೊಸ ಬಸ್, ಮೂರು ಹೊಸ ಜಿಲ್ಲೆ ಅಂತ ಹಾಕಿದ್ದೀರಿ. ಅದನ್ನು ಸ್ವಲ್ಪ ತಡೆಹಿಡಿಯಿರಿ ಅಂತ ಕೇಳುತ್ತೇನೆ. ಅದರ ಬದಲು ಒಂದೇ ಒಂದು ವಸ್ತಿ ಬಸ್ ಕೊಡಿ.

ವಸ್ತಿ ಬಸ್ ಅಂದರೆ ಸಂಜೆ ಕಲಬುರಗಿ ಬಿಟ್ಟು ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ಉಳಿದು, ಮುಂಜಾನೆ ಮೊದಲ ಟ್ರಿಪ್ ಹೊಡೆಯುವ ಗಾಡಿ. ಡ್ರೈವರು ಕಂಡಕ್ಟರು ಬಸ್ಸಿನಲ್ಲೋ ಗುಡಿಯ ಕಟ್ಟೆಯಲ್ಲೋ ಮಲಗುತ್ತಾರೆ. ಕಾಕಾ ಆಳಂದ ಕಡೆಯ ಒಂದು ಹಳ್ಳಿಗೆ ವರ್ಷಗಟ್ಟಲೆ ವಸ್ತಿ ಹೋಗಿದ್ದರು. ಆ ಊರಿನ ಮದುವೆ ಚೀಟಿ ಈಗಲೂ ನಮ್ಮ ಮನೆಗೆ ಬರುತ್ತವೆ. ಯಾರ ಮಗಳಿಗೆ ಯಾವ ಕಾಲೇಜು, ಯಾರ ಎಮ್ಮೆ ಎಷ್ಟು ಹಾಲು, ಯಾರಿಗೆ ಡಯಾಲಿಸಿಸ್ ಯಾವ ದಿನ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಯಾಕೆಂದರೆ ದಿನಾ ಹತ್ತುವವರು ಅದೇ ಜನ.

ಇದನ್ನು ಆಟವಾಗಿ ಯೋಚಿಸಿ. ಮ್ಯಾಪ್ ತೀರಾ ಚಿಕ್ಕದು, ಒಂದು ಹಳ್ಳಿ ರಸ್ತೆ ಸಾಕು. ಬಸ್ ಈಗಾಗಲೇ ನಿಮ್ಮಲ್ಲಿದೆ. ಬೇಕಾಗಿರುವುದು ಹತ್ತು ಹನ್ನೆರಡು ಜನ, ಅವರಿಗೆ ಹೆಸರು, ಅವರದೇ ಸಮಯ. ಕಾಲೇಜಿನ ಒಬ್ಬ ಹುಡುಗಿ ದಿನಾ ಎರಡು ನಿಮಿಷ ತಡ. ಕಾಯುತ್ತೀರಾ? ಕಾದರೆ ಕಲಬುರಗಿಯಲ್ಲಿ ಕಂಟ್ರೋಲರ್ ಲಾಗ್ ಶೀಟಿನಲ್ಲಿ ತಡ ಅಂತ ಬರೆಯುತ್ತಾನೆ, ಬಸ್ಸಿನಲ್ಲಿ ಕೂತ ಹಾಲಿನವನು ಗೊಣಗುತ್ತಾನೆ. ಬಿಟ್ಟು ಹೋದರೆ ಅವಳು ಮಾರನೇ ದಿನ ನಿಮ್ಮ ಮುಖ ನೋಡುವುದಿಲ್ಲ, ಅವಳಿಗೆ ಪರೀಕ್ಷೆ ಇತ್ತು ಅಂತ ಆಮೇಲೆ ಗೊತ್ತಾಗುತ್ತದೆ. ನಾನು ಕಾಕಾನಿಗೆ ಕೇಳಿದೆ, ನೀವು ಕಾಯುತ್ತಿದ್ದಿರಾ ಅಂತ. "ಹಾರ್ನ್ ಹೊಡೀತಿದ್ದೆ. ಎರಡು ಸಲ ಹೊಡದ್ರ ಅವರ ಮನೀ ತನಕ ಕೇಳ್ತಿತ್ತು. ಮೂರನೇದಕ್ಕ ಗಾಡಿ ಎಳೀತಿದ್ದೆ. ಖರೇ ಹೇಳ್ಬೇಕಂದ್ರ ಮೂರನೇದ್ದು ಹೊಡೀಲಾಕ ಸ್ವಲ್ಪ ತಡಾನೇ ಮಾಡ್ತಿದ್ದೆ" ಅಂದರು. ನೋಡಿ, ಹಾರ್ನ್ ಬಟನ್ನಿಗೆ ಕೂಡ ಇಲ್ಲಿ ಒಂದು ಕೆಲಸ ಇದೆ.

ಹಾರ್ನ್ ಅಂದ ಕೂಡಲೇ ಇಂಡೋನೇಷ್ಯಾದವರ ಆಟ ನೆನಪಾಗುತ್ತದೆ. 2016ರ ಕೊನೆಗೆ ಅಲ್ಲಿನ ಮಕ್ಕಳು ರಸ್ತೆ ಪಕ್ಕ ನಿಂತು 'ಓಂ ತೆಲೊಲೆಟ್ ಓಂ' (ಅಂಕಲ್, ಹಾರ್ನ್ ಹೊಡೀರಿ ಅಂಕಲ್) ಅಂತ ಬರೆದ ರಟ್ಟು ಹಿಡಿದು ಬಸ್ ಡ್ರೈವರುಗಳ ಹತ್ತಿರ ಹಾಡಿನ ಹಾರ್ನ್ ಹೊಡೆಸುತ್ತಿದ್ದದ್ದು ಪ್ರಪಂಚವೆಲ್ಲ ಓಡಾಡಿತು. ಮುಂದಿನ ವರ್ಷವೇ ಬಂದ, ಮಾಲಿಯೋ ಅನ್ನುವ ಅಲ್ಲಿನ ಕಂಪನಿಯ ಬಸ್ ಸಿಮ್ಯುಲೇಟರಿನಲ್ಲಿ ಆ ಹಾರ್ನ್ ಇತ್ತು. ಅವರು ತಮ್ಮ ಬೀದಿಯನ್ನು ಆಟದೊಳಗೆ ತಂದರು, ಜೊತೆಗೆ ಬಸ್ಸಿಗೆ ಯಾರು ಬೇಕಾದರೂ ಬಣ್ಣ ಹಾಕಬಹುದು, ತಮ್ಮದೇ ಗಾಡಿ ಸೇರಿಸಬಹುದು ಅಂತ ಬಿಟ್ಟರು. ಹಾಗಾಗಿ ಜಾವಾದ ರಸ್ತೆ ಮೇಲೆ ನಾವು ಕಲಬುರಗಿ ಬಸ್ ಓಡಿಸುತ್ತಾ ಬಂದೆವು. ನೀವು ಸ್ಕಿನ್ ಹಾಕುವ ಅವಕಾಶವನ್ನೇ ಎರಡನೇ ಭಾಗದಲ್ಲಿ ತೆಗೆದುಬಿಟ್ಟಿದ್ದೀರಿ, ಬಹುಶಃ ಬಣ್ಣಗಳನ್ನು ಮಾರಬೇಕು ಅಂತ. ಮಾರಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಖಾಲಿ ಟೆಂಪ್ಲೇಟ್ ಬಿಟ್ಟುಕೊಟ್ಟರೆ ನಿಮ್ಮ ಅರ್ಧ ಕೆಲಸವನ್ನು ಈ ಕಡೆಯ ಹುಡುಗರು ಪುಕ್ಕಟೆ ಮಾಡಿಕೊಡುತ್ತಾರೆ. ನಮ್ಮ ಗುಂಪಿನಲ್ಲಿ ಡಿಪ್ಲೊಮಾ ಹುಡುಗನೊಬ್ಬ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಅನಿಮೇಷನ್ ಆಗಲೇ ಮಾಡಿಟ್ಟಿದ್ದಾನೆ. ಹಾಕಲು ಜಾಗ ಇಲ್ಲ.

ನನ್ನ ಹತ್ತಿರ ಏನೇನಿದೆ ಅಂತ ಮೇಲ್‌ನಲ್ಲಿ ಬರೆದಿದ್ದೇನೆ. ಕಲಬುರಗಿಯಿಂದ ಹಳ್ಳಿಖೇಡದವರೆಗಿನ ನಿಲುಗಡೆಗಳ ಫೋಟೋ, ಎರಡು ಥರದ ಸೀಟಿ ಸದ್ದು, ಬಾಗಿಲು ಹಾಕುವ ಸದ್ದು, ಕಂಡಕ್ಟರ್ ಒಬ್ಬರು ಒಪ್ಪಿ ರೆಕಾರ್ಡ್ ಮಾಡಿಕೊಟ್ಟ "ಹುಮನಾಬಾದ್, ಬೀದರ್, ಬೀದರ್" ಕೂಗು. ಮೇಲ್‌ಗೆ ಹಿಡಿಸುವಷ್ಟು ಚಿಕ್ಕದಿಲ್ಲ, ಕೇಳಿದರೆ ಲಿಂಕ್ ಕಳಿಸುತ್ತೇನೆ. ದುಡ್ಡು ಬೇಡ. ಆ ಕಂಡಕ್ಟರ್ ಹೆಸರನ್ನು ಮಾತ್ರ ಅವರನ್ನು ಕೇಳಿ ಆಟ ಮಾಡಿದವರ ಪಟ್ಟಿಗೆ ಸೇರಿಸಿ.

ಕೊನೆಗೆ ಒಂದು ಬಗ್, ಇದು ತುರ್ತು. ಜೇವರ್ಗಿ ರೂಟಿನಲ್ಲಿ ಕಟ್ಟಿ ಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ ಬರುತ್ತದಲ್ಲ, ಅಲ್ಲಿ ಎಡಗಡೆಯ ಗೋಡೆಗೆ ಕನ್ನಡಿ ತಾಗಿದರೆ ಬಸ್ ಸೇತುವೆಯ ಒಳಗಿಂದ ಜಾರಿ ನದಿಗೆ ಬೀಳುತ್ತದೆ, ಆಮೇಲೆ ನೀರಿನ ಕೆಳಗೇ ಜೇವರ್ಗಿವರೆಗೆ ಓಡುತ್ತದೆ. ಜೇವರ್ಗಿಯಲ್ಲಿ ಪ್ಯಾಸೆಂಜರ್‌ಗಳು ಪೂರ್ತಿ ದುಡ್ಡು ಕೊಟ್ಟು ಇಳಿಯುತ್ತಾರೆ. ಮೂರು ಫೋನಿನಲ್ಲಿ ನೋಡಿದೆವು, ಮೂರರಲ್ಲೂ ಹೀಗೇ. ವಿಡಿಯೋ ಮೇಲ್‌ನಲ್ಲಿದೆ.